ಬೆನ್ನುಹುರಿಯ ಉರಿಯೂತವೂ ನಮ್ಮ ಕರ್ತವ್ಯವೂ

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಗ್ರಾಮಸೇವಕ ಬಂದನೆಂದರೆ ಬೀಜ, ಗೊಬ್ಬರ, ಕಬ್ಬಿನ ಹುಳುವಿನ ಮಾತನ್ನೇ ಆಡುತ್ತಾನೆಂದು ನೀವು ತಿಳಿದಿರುತ್ತೀರಿ. ಇಂದು ಒಂದು ರೋಗದ ವಿಷಯವನ್ನು ನಿಮ್ಮ ಮುಂದಿಡುತ್ತೇನೆ. ನಾನು ವೈದ್ಯನಲ್ಲ, ಬೇಸಾಯ ಕಲಿತವನು. ಆದರೆ ಮನೆಯಲ್ಲಿ ದುಡಿಯುವವರೊಬ್ಬರು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮಲಗಿದರೆ, ಆ ಮನೆಯ ಗದ್ದೆ ಬೀಳು ಬೀಳುತ್ತದೆ, ದನ ಮಾರಾಟವಾಗುತ್ತದೆ, ಮಗಳು ಶಾಲೆ ಬಿಡುತ್ತಾಳೆ. ಆಗ ಗೊಬ್ಬರದ ಲೆಕ್ಕ ಯಾರಿಗೆ ಹೇಳೋಣ? ಆದುದರಿಂದ ಇದೂ ನಮ್ಮ ಕೆಲಸವೇ.

ಬೆನ್ನುಹುರಿ ಎಂದರೇನು? ನಮ್ಮ ವಿಶ್ವೇಶ್ವರಯ್ಯ ನಾಲೆಯನ್ನು ನೆನೆಯಿರಿ. ಕನ್ನಂಬಾಡಿ ಕಟ್ಟೆಯ ನೀರು ಹುಲಿಕೆರೆಯ ಸುರಂಗವನ್ನು ಹಾದು ನಮ್ಮ ಮೂರು ತಾಲ್ಲೂಕುಗಳಿಗೆ ಬರುತ್ತದೆ. ಕಟ್ಟೆ ತುಂಬಿರಬಹುದು, ಗದ್ದೆ ಫಲವತ್ತಾಗಿರಬಹುದು; ನಡುವೆ ಸುರಂಗದಲ್ಲಿ ತಡೆಯಾದರೆ ಕೆಳಗಿನ ಬಯಲೆಲ್ಲ ಒಣಗುತ್ತದೆ. ಮಿದುಳೇ ಕಟ್ಟೆ, ಕೈಕಾಲುಗಳೇ ಗದ್ದೆ, ಬೆನ್ನುಮೂಳೆಯ ಸುರಂಗದೊಳಗೆ ಹರಿಯುವ ಬೆರಳು ಗಾತ್ರದ ನರಗಳ ಹುರಿಯೇ ನಾಲೆ. ಒಂದು ವ್ಯತ್ಯಾಸವುಂಟು: ಈ ನಾಲೆಯಲ್ಲಿ ಹರಿವು ಎರಡೂ ಕಡೆಗೆ. ನಡೆ, ನಿಲ್ಲು ಎಂಬ ಅಪ್ಪಣೆ ಕೆಳಗೆ ಹೋಗುತ್ತದೆ. ಬಿಸಿ, ತಣ್ಣಗೆ, ನೋವು ಎಂಬ ಸುದ್ದಿ ಮೇಲೆ ಬರುತ್ತದೆ. ಹುರಿ ಒಂದೆಡೆ ಊದಿಕೊಂಡರೆ ಎರಡೂ ನಿಲ್ಲುತ್ತವೆ. ಇದೇ ಬೆನ್ನುಹುರಿಯ ಉರಿಯೂತ. ವೈದ್ಯರು ಇದನ್ನು ಮೈಲೈಟಿಸ್ ಎನ್ನುತ್ತಾರೆ.

ಇದಕ್ಕೆ ಕಾರಣ ಒಂದಲ್ಲ. ಕೆಲವರಿಗೆ ಸೋಂಕು ಜ್ವರ ಬಂದುಹೋದ ಕೆಲವು ವಾರಗಳಲ್ಲಿ ಇದು ಕಾಣಿಸುತ್ತದೆ. ಕೆಲವರಲ್ಲಿ ರೋಗವನ್ನು ತಡೆಯಬೇಕಾದ ದೇಹದ ಶಕ್ತಿಯೇ ದಿಕ್ಕು ತಪ್ಪಿ ನರವನ್ನು ತಿನ್ನತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಮ್ಮ ಹಿರಿಯರು ಹೇಳಿದ ಮಾತು ಇಲ್ಲಿ ಅಕ್ಷರಶಃ ನಿಜ. ಇದರಲ್ಲಿ ಒಂದು ಬಗೆ ಬೆನ್ನುಹುರಿಯ ಜೊತೆಗೆ ಕಣ್ಣಿನ ನರವನ್ನೂ ಹಿಡಿಯುತ್ತದೆ. ರಕ್ತದಲ್ಲಿ ಅದರ ಗುರುತನ್ನು ೨೦೦೪ರಲ್ಲಿ ಕಂಡುಹಿಡಿದ ಮೇಲೆ ಅದನ್ನು ಬೇರೆಯಾಗಿ ಗುರುತಿಸಿ ಚಿಕಿತ್ಸೆ ಮಾಡುವುದು ಸುಲಭವಾಯಿತು. ನಮ್ಮ ಮಂಗಳೂರಿನಲ್ಲಿಯೇ ಡಾ. ಲೇಖಾ ಪಂಡಿತ್ ಮತ್ತು ಅವರ ಸಂಗಡಿಗರು ಇಂಥ ರೋಗಿಗಳ ನೋಂದಣಿ ಇಟ್ಟು, ಈ ರೋಗದ ಬಗೆಗಳನ್ನು ಅಭ್ಯಾಸ ಮಾಡಿದ್ದಾರೆ.

ಇನ್ನೊಂದು ಮುಖ್ಯ ಕಾರಣ ಕ್ಷಯ. ಕ್ಷಯವೆಂದರೆ ಕೆಮ್ಮೇ ಇರಬೇಕೆಂದಿಲ್ಲ. ಅದು ಬೆನ್ನಿನ ಮೂಳೆಗೂ ಹಿಡಿದು, ಕೀವು ತುಂಬಿ, ಹುರಿಯನ್ನು ಒತ್ತಬಹುದು. ರಕ್ತಕ್ಕೆ ಬೇಕಾದ ಬಿ-೧೨ ಜೀವಸತ್ವದ ಕೊರತೆಯಿಂದ ಹುರಿ ಕೆಡುವುದೂ ಉಂಟು. ಅದು ಉರಿಯೂತವಲ್ಲದಿದ್ದರೂ ಲಕ್ಷಣ ಹತ್ತಿರದ್ದೇ. ಬೆಂಕಿರೋಗದ ಮದ್ದು ಜಿಗಿಹುಳುವಿಗೆ ತಾಗದೆಂದು ನೀವು ಬಲ್ಲಿರಿ. ಹಾಗೆಯೇ ಇಲ್ಲಿಯೂ ಕಾರಣ ತಿಳಿಯದೆ ಮದ್ದಿಲ್ಲ. ಒಬ್ಬರಿಗೆ ಗುಣ ಕೊಟ್ಟ ಮಾತ್ರೆ ಪಕ್ಕದ ಮನೆಯವರಿಗೆ ಕೇಡು ಮಾಡಬಹುದು.

ಲಕ್ಷಣಗಳನ್ನು ಚೆನ್ನಾಗಿ ನೆನಪಿಡಿ. ಕಾಲು ಜೋಮು ಹಿಡಿಯುತ್ತದೆ. ಚಪ್ಪಲಿ ಜಾರಿದರೂ ತಿಳಿಯುವುದಿಲ್ಲ. ಎದೆಗೋ ಸೊಂಟಕ್ಕೋ ಒಡ್ಯಾಣ ಬಿಗಿದಂತಾಗುತ್ತದೆ. ಬೆನ್ನು ನೋಯುತ್ತದೆ. ಕಾಲಿನ ಬಲ ಕೆಲವು ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಕುಗ್ಗುತ್ತದೆ. ಮೂತ್ರ ಕಟ್ಟುತ್ತದೆ, ಇಲ್ಲವೆ ತಾನಾಗಿ ಹೋಗುತ್ತದೆ. ಇವುಗಳಲ್ಲಿ ಎರಡು ಕೂಡಿ ಬಂದರೂ ಬೆಳಗಾಗಲೆಂದು ಕಾಯಬೇಡಿ. ೧೦೮ಕ್ಕೆ ಕರೆ ಮಾಡಿ. ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಿವೆ. ಮಂಡ್ಯದಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯಿದೆ. ದೇವರಿಗೆ ಹರಕೆ ಹೊರುವುದು ನಿಮ್ಮ ನಂಬಿಕೆ, ಬೇಡವೆನ್ನಲು ನಾನು ಯಾರು? ಆದರೆ ಮೊದಲು ಗಾಡಿ ಆಸ್ಪತ್ರೆಗೆ ಹೊರಡಲಿ, ಹರಕೆ ದಾರಿಯಲ್ಲಿ ಹೊರೋಣ. ಜೋಮು ಹಿಡಿದ ಕಾಲಿಗೆ ಬರೆ ಹಾಕುವುದು, ಬಿಸಿ ಇಟ್ಟಿಗೆಯ ಶಾಖ ಕೊಡುವುದು ಮಾತ್ರ ಖಂಡಿತ ಕೂಡದು. ಸುಡುವುದು ಅವರಿಗೆ ತಿಳಿಯುವುದಿಲ್ಲ. ಚರ್ಮ ಬೆಂದು ಹುಣ್ಣಾಗುತ್ತದೆ.

ಆಸ್ಪತ್ರೆಯಲ್ಲಿ ಎಂ.ಆರ್.ಐ. ಚಿತ್ರ ತೆಗೆಯುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಾರೆ, ಬೆನ್ನಿನಿಂದ ಸ್ವಲ್ಪ ನೀರು ತೆಗೆದು ನೋಡುತ್ತಾರೆ. ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತದೆಂಬ ಹೆದರಿಕೆ ಹಳ್ಳಿಗಳಲ್ಲಿದೆ. ಬೆನ್ನುಹುರಿ ಮುಗಿದ ಮೇಲಿನ ಕೆಳಭಾಗದಲ್ಲಿ ಸೂಜಿ ಹಾಕುತ್ತಾರಾದ್ದರಿಂದ ಆ ಹೆದರಿಕೆಗೆ ಆಧಾರವಿಲ್ಲ. ಉರಿಯೂತವೆಂದು ಖಚಿತವಾದರೆ ಸ್ಟೀರಾಯ್ಡ್ ಔಷಧವನ್ನು ಸಾಮಾನ್ಯವಾಗಿ ೩ರಿಂದ ೫ ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಅದಕ್ಕೆ ಬಗ್ಗದಿದ್ದರೆ ರಕ್ತದ ತಿಳಿನೀರನ್ನು ಬದಲಾಯಿಸುವ ಚಿಕಿತ್ಸೆಯಿದೆ. ಮತ್ತೆ ಮತ್ತೆ ಮರಳುವ ಬಗೆಯಾದರೆ ವರ್ಷಗಟ್ಟಲೆ ಔಷಧ ಬೇಕಾಗುತ್ತದೆ. ಮೈ ಹಗುರಾಯಿತೆಂದು ಸ್ಟೀರಾಯ್ಡ್ ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದು ಅಪಾಯ. ವೈದ್ಯರು ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು. ಕ್ಷಯವಾದರೆ ಔಷಧ ಸರ್ಕಾರದಿಂದ ಉಚಿತ. ಬೆನ್ನುಮೂಳೆಯ ಕ್ಷಯಕ್ಕೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬಿಡದೆ ನುಂಗಬೇಕು. ಆ ರೋಗಿಗಳ ಪೌಷ್ಟಿಕ ಆಹಾರಕ್ಕೆ ಕೊಡುವ ಸಹಾಯಧನವನ್ನು ೨೦೨೪ರ ನವೆಂಬರಿನಿಂದ ತಿಂಗಳಿಗೆ ೧೦೦೦ ರೂಪಾಯಿಗೆ ಏರಿಸಿದ್ದಾರೆ.

ಇನ್ನು ಎರಡನೆಯ ಭಾಗಕ್ಕೆ ಬರೋಣ. ಆಸ್ಪತ್ರೆಯಿಂದ ಮನೆಗೆ ಬಂದರೆ ಚಿಕಿತ್ಸೆ ಮುಗಿಯಿತೆಂದು ತಿಳಿಯುವುದೇ ನಮ್ಮ ದೊಡ್ಡ ತಪ್ಪು. ನಾಟಿಯಾಯಿತೆಂದು ಗದ್ದೆಗೆ ಬೆನ್ನು ತಿರುಗಿಸುವ ರೈತನುಂಟೆ? ಈ ರೋಗ ಬಂದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ ಚೆನ್ನಾಗಿ ಸುಧಾರಿಸುತ್ತಾರೆ. ಒಂದು ಪಾಲಿಗೆ ಸ್ವಲ್ಪ ಊನ ಉಳಿಯುತ್ತದೆ. ಒಂದು ಪಾಲಿಗೆ ಹೆಚ್ಚಿನ ಊನವೇ ಉಳಿಯುತ್ತದೆ. ಸುಧಾರಣೆಯ ಹೆಚ್ಚಿನ ಭಾಗ ಮೊದಲ ಮೂರು ತಿಂಗಳಲ್ಲಿ ಕಂಡರೂ, ಎರಡು ವರ್ಷಗಳವರೆಗೂ ಅದು ಮುಂದುವರಿಯಬಹುದು. ಆ ಕಾಲವನ್ನು ಹಾಸಿಗೆಯಲ್ಲಿ ಕಳೆದರೆ ಕೀಲುಗಳು ಬಿಗಿದು, ಹುಣ್ಣಾಗಿ, ನರ ಚಿಗುರಿದರೂ ಕಾಲು ಏಳದಂತಾಗುತ್ತದೆ.

ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ೧೯೪೪ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಗೊಂಡ ಸೈನಿಕರ ಚಿಕಿತ್ಸೆಗೆ ನಿಂತರು. ಅದುವರೆಗೆ ಅಂಥವರಲ್ಲಿ ಬಹುಮಂದಿ ಹಾಸಿಗೆಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. ಗುಟ್‌ಮನ್ನರು ಹೊಸ ಔಷಧವನ್ನೇನೂ ಕಂಡುಹಿಡಿಯಲಿಲ್ಲ. ಹಗಲು ರಾತ್ರಿ ಎರಡೆರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಾಯಿಸಿದರು, ಶುಚಿಯಾಗಿಟ್ಟರು, ಕೈಗೆ ಕೆಲಸ ಕೊಟ್ಟರು, ಆಟ ಆಡಿಸಿದರು. ಜನ ಬದುಕಿದರು. ಈ ಕೆಲಸಕ್ಕೆ ಹಣಕ್ಕಿಂತ ಹೆಚ್ಚಾಗಿ ಕ್ರಮ ಬೇಕು.

ಮನೆಯವರು ಮಾಡಬೇಕಾದುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಮಗ್ಗುಲು. ಎರಡು ಗಂಟೆಗೊಮ್ಮೆ ಹೊರಳಿಸಿ. ಗಡಿಯಾರ ನೋಡಿ ಸರದಿ ಹಾಕಿಕೊಳ್ಳಿ. ಒಬ್ಬ ಹೆಣ್ಣುಮಗಳ ಮೇಲೆಯೇ ಎಲ್ಲ ಭಾರ ಹಾಕಬೇಡಿ. ಪೃಷ್ಠ, ಹಿಮ್ಮಡಿ, ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗಿದೆಯೇ, ಕಪ್ಪಾಗಿದೆಯೇ ಎಂದು ದಿನಕ್ಕೆರಡು ಬಾರಿ ನೋಡಿ. ಕಂಡರೆ ಆ ಭಾಗಕ್ಕೆ ಭಾರ ಬೀಳಿಸಬೇಡಿ, ಉಜ್ಜಲೂ ಬೇಡಿ. ನಡುವೆ ತೂತಿರುವ ರಬ್ಬರು ಬಳೆಯ ಮೇಲೆ ಕೂರಿಸುವುದು ರೂಢಿಯಲ್ಲಿದೆ. ಅದು ಸುತ್ತಲಿನ ರಕ್ತವನ್ನು ತಡೆಯುವುದರಿಂದ ಒಳ್ಳೆಯದಲ್ಲ. ದಪ್ಪ ಸ್ಪಂಜಿನ ಮೆತ್ತೆ ಲೇಸು.

ಎರಡನೆಯದು, ಮೂತ್ರ. ಕಟ್ಟಿದ ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಶುಚಿಯಾದ ಸಣ್ಣ ಕೊಳವೆಯಿಂದ ದಿನಕ್ಕೆ ನಾಲ್ಕರಿಂದ ಆರು ಬಾರಿ ಮೂತ್ರ ತೆಗೆಯುವುದನ್ನು ಆಸ್ಪತ್ರೆಯಲ್ಲಿ ಕಲಿಸುತ್ತಾರೆ. ರೋಗಿಯೇ ಅದನ್ನು ಕಲಿಯಬಹುದು. ನಾಚಿಕೆಯಿಂದ ಈ ಪಾಠ ಬಿಟ್ಟು ಬರಬೇಡಿ. ಒಂದು ಸಲಕ್ಕೆ ಅರ್ಧ ಲೀಟರು ಮೀರದಂತೆ ಹೊತ್ತು ಹೊಂದಿಸಿಕೊಳ್ಳಿ. ಜ್ವರ, ಚಳಿ, ಮೂತ್ರದಲ್ಲಿ ಕೆಟ್ಟ ವಾಸನೆ, ಇದ್ದಕ್ಕಿದ್ದಂತೆ ಕಾಲಿನ ಸೆಡೆತ ಹೆಚ್ಚುವುದು, ಇವು ಸೋಂಕಿನ ಗುರುತು.

ಮೂರನೆಯದು, ಮಲ. ದಿನವೂ ಒಂದೇ ಹೊತ್ತಿಗೆ, ಊಟವಾದ ಸ್ವಲ್ಪ ಹೊತ್ತಿಗೆ ಕೂರಿಸುವ ಅಭ್ಯಾಸ ಮಾಡಿ. ರಾಗಿ, ಸೊಪ್ಪು, ಕಾಳು, ಸಾಕಷ್ಟು ನೀರು, ಇವೆಲ್ಲ ನಮ್ಮ ಮನೆಯಲ್ಲಿಯೇ ಇವೆ.

ನಾಲ್ಕನೆಯದು, ಅಂಗಸಾಧನೆ. ಪ್ರತಿಯೊಂದು ಕೀಲನ್ನೂ ಬೆಳಿಗ್ಗೆ ಸಂಜೆ ನಿಧಾನವಾಗಿ ಮಡಿಸಿ ಬಿಡಿಸಿ. ಬಲ ಬಂದಂತೆ ಕೂರುವುದು, ನಿಲ್ಲುವುದು, ಹೆಜ್ಜೆಯಿಡುವುದು. ಹಿತ್ತಲಲ್ಲಿ ಗಟ್ಟಿ ಗೂಟ ನೆಟ್ಟು ಸೊಂಟದೆತ್ತರಕ್ಕೆ ಎರಡು ಬಿದಿರು ಕಟ್ಟಿದರೆ ಹಿಡಿದು ನಡೆಯುವ ದಾರಿಯಾಗುತ್ತದೆ. ಯಾವುದನ್ನು ಎಷ್ಟು ಮಾಡಬೇಕೆಂಬುದನ್ನು ಅಂಗಸಾಧನೆ ಕಲಿಸುವವರಿಂದಲೇ ತಿಳಿಯಿರಿ.

ಐದನೆಯದು, ಮನಸ್ಸು. ಬಂದವರೆಲ್ಲ ಮಂಚದ ಬಳಿ ನಿಂತು ಅಯ್ಯೋ ಪಾಪ ಎಂದು ಹೋದರೆ ಬದುಕುವ ಆಸೆ ಒಣಗುತ್ತದೆ. ಕಬ್ಬಿನ ಪಟ್ಟಿಯ ಮಾತು, ಹಬ್ಬದ ಮಾತು ಆಡಿ. ಮನೆಯ ವ್ಯವಹಾರಕ್ಕೆ ಅವರ ಸಲಹೆ ಕೇಳಿ.

ಕಾಲು ಬಾರದಿದ್ದರೆ ಬದುಕೇ ಇಲ್ಲವೇ? ನೆರೆಯ ವೆಲ್ಲೂರಿನಲ್ಲಿ ಡಾ. ಮೇರಿ ವರ್ಗೀಸ್ ಎಂಬ ವೈದ್ಯೆಯಿದ್ದರು. ೧೯೫೪ರಲ್ಲಿ ವಾಹನ ಅಪಘಾತದಿಂದ ಬೆನ್ನುಹುರಿ ಮುರಿದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಅವರದು ಉರಿಯೂತವಲ್ಲ, ಗಾಯ. ಆದರೆ ಮುಂದಿನ ಹಾದಿ ಒಂದೇ. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ತಮ್ಮಂಥವರಿಗಾಗಿ ದುಡಿದರು, ೧೯೬೬ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ನಮ್ಮ ಬೆಂಗಳೂರಿನಲ್ಲಿ ೧೯೭೪ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗ ಚಿಕಿತ್ಸೆಯ ಜೊತೆಗೆ ಪುನರ್ವಸತಿ ವಿಭಾಗವೂ ಇದೆ. ೧೯೫೯ರಲ್ಲಿ ಆರಂಭವಾದ ಅಂಗವಿಕಲರ ಸಂಸ್ಥೆ, ಎ.ಪಿ.ಡಿ., ಕೂಡ ಅಲ್ಲಿಯೇ ಇದೆ.

ಹಳ್ಳಿಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಕೊರತೆಯಿಲ್ಲ. ಚಂದ್ರಿಕೆಯಿಂದ ಗೂಡು ಬಿಡಿಸುವುದು, ಗೂಡು ಆರಿಸುವುದು, ತಟ್ಟೆಯಲ್ಲಿ ತರಕಾರಿ ಸಸಿ ಬೆಳೆಸುವುದು, ಹಾಲಿನ ಸಂಘದ ಲೆಕ್ಕ ಬರೆಯುವುದು, ಹೊಲಿಗೆ, ಅಂಗಡಿ. ಆದರೆ ಒಂದು ಎಚ್ಚರಿಕೆ: ಕಾಲಿಗೆ ಸ್ಪರ್ಶವಿಲ್ಲದವರನ್ನು ಆಲೆಮನೆಯ ಒಲೆಯ ಮಗ್ಗುಲಲ್ಲಿ ಕೂರಿಸಬೇಡಿ.

ಸರ್ಕಾರದ ನೆರವನ್ನೂ ಬಿಡಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಚೀಟಿ ಮಾಡಿಸಿಟ್ಟುಕೊಳ್ಳಿ. ರೋಗ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಮಾಡಿಸುವುದು ಜಾಣತನ. ಊನ ಉಳಿದರೆ ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಹಾಕಿ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಶೇಕಡ ೪೦ಕ್ಕೆ ಕಡಿಮೆಯಿಲ್ಲದ ಊನವುಳ್ಳವರಿಗೆ ಬಡತನ ನಿವಾರಣೆಯ ಯೋಜನೆಗಳಲ್ಲಿ ಶೇಕಡ ೫ರಷ್ಟು ಪಾಲು ಮೀಸಲಿದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುವುದೇ ಈ ಅರ್ಜಿಗಳಿಗೆ ನೆರವಾಗಲು. ಅವರನ್ನು ಕೇಳಿ ಪಡೆಯುವುದು ಭಿಕ್ಷೆಯಲ್ಲ, ಹಕ್ಕು.

ಕೊನೆಯ ಮಾತು. ನಾಲೆಯ ಹೂಳು ಒಬ್ಬನಿಂದ ತೆಗೆಯಲಾಗದು, ಊರೇ ಇಳಿಯಬೇಕು. ಇಂಥ ಮನೆಯೊಂದು ನಿಮ್ಮ ಬೀದಿಯಲ್ಲಿದ್ದರೆ ಒಬ್ಬರು ಆಸ್ಪತ್ರೆಗೆ ಜೊತೆಗೆ ಹೋಗಿ, ಒಬ್ಬರು ಅವರ ಗದ್ದೆಗೆ ನೀರು ಹಾಯಿಸಿ, ಇಬ್ಬರು ಸೇರಿ ಹೊಸ್ತಿಲ ಮುಂದಿನ ಮೆಟ್ಟಿಲನ್ನು ಇಳಿಜಾರು ಮಾಡಿಕೊಡಿ. ಗಾಲಿಕುರ್ಚಿ ಬೀದಿಗೆ ಇಳಿದ ದಿನ ಆ ಮನೆಯವರಿಗೆ ಅರ್ಧ ಊರು ಮರಳಿ ಸಿಕ್ಕಂತೆ.