ಸಫ್‌ನಲ್ಲಿ ಮೆಣಸಿನ ಘಾಟು

(ಜುಮಾ ಖುತ್ಬಾದ ಸಾರಾಂಶ)

ಅಲ್ಲಾಹನಿಗೆ ಸ್ತುತಿ. ಪ್ರವಾದಿ ಮುಹಮ್ಮದರ(ಸ) ಮೇಲೆ, ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೆ ಸಲಾತ್ ಮತ್ತು ಸಲಾಮ್.

ಸತ್ಯವಿಶ್ವಾಸಿ ಸಹೋದರರೇ, ಮೂರು ವಾರಗಳ ಹಿಂದೆ ಇದೇ ಮಿಂಬರ್‌ನಿಂದ ನಾವು ಮಸೀದಿಯ ಶಿಷ್ಟಾಚಾರದ ಕುರಿತು ಮಾತನಾಡಿದ್ದೆವು. ಬೆಳ್ಳುಳ್ಳಿ, ಈರುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂದು ಪ್ರವಾದಿವರ್ಯರು(ಸ) ಸೂಚಿಸಿದ್ದನ್ನು ನೆನಪಿಸಿ, ಮಾತು ಮುಗಿಸಿ ಇಳಿದೆವು. ಮುಂದಿನ ಶುಕ್ರವಾರ, ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಸಹೋದರರೊಬ್ಬರು ಒಳಗೆ ಬರಲಿಲ್ಲ. ಚಪ್ಪಲಿ ಬಿಡುವ ಜಾಗದ ಪಕ್ಕ ಬಿಸಿಲಿನಲ್ಲಿ ಟವೆಲ್ ಹಾಸಿ ನಮಾಝ್ ಮಾಡಿದರು. ವಿಚಾರಿಸಿದಾಗ, "ಹಝ್ರತ್, ನೀವೇ ಹೇಳಿದಿರಲ್ಲ. ನನ್ನ ಬಟ್ಟೆಯೆಲ್ಲ ಘಾಟು. ಪಕ್ಕದವರು ಸೀನುತ್ತಾರೆ. ಒಬ್ಬರು ಹಿಂದೆ ಹೋಗು ಅಂತ ಹೇಳಿಯೂ ಬಿಟ್ಟರು" ಎಂದರು.

ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಾವು ಹೇಳಿದ್ದು ತಪ್ಪಲ್ಲ, ಆದರೆ ಅರ್ಧ. ಉಳಿದರ್ಧವನ್ನು ಇಂದು ಹೇಳುವುದು ನಮ್ಮ ಮೇಲಿನ ಹೊಣೆ.

ಮೊದಲಿಗೆ ಆ ಆದೇಶದ ಹಿನ್ನೆಲೆ ನೋಡೋಣ. ಖೈಬರ್‌ನಲ್ಲಿ ಹಸಿದಿದ್ದ ಸಂಗಾತಿಗಳು ಬೆಳ್ಳುಳ್ಳಿಯನ್ನು ಹೊಟ್ಟೆ ತುಂಬ ತಿಂದು ಮಸೀದಿಗೆ ಬಂದರು. ಪ್ರವಾದಿವರ್ಯರಿಗೆ(ಸ) ವಾಸನೆ ತಿಳಿಯಿತು, ದೂರವಿರಲು ಹೇಳಿದರು. ಕೂಡಲೇ ಜನರು ಬೆಳ್ಳುಳ್ಳಿ ಹರಾಮ್ ಆಯಿತೆಂದು ಮಾತನಾಡತೊಡಗಿದರು. ಆಗ ಅವರು, ಅಲ್ಲಾಹನು ಹಲಾಲ್ ಮಾಡಿದ್ದನ್ನು ಹರಾಮ್ ಮಾಡುವ ಅಧಿಕಾರ ತಮಗಿಲ್ಲ, ಅದರ ವಾಸನೆಯಷ್ಟೇ ತಮಗೆ ಹಿಡಿಸದು ಎಂದು ಸ್ಪಷ್ಟಪಡಿಸಿದರು. ಅಂದರೆ ಆದೇಶ ಇರುವುದು ಪದಾರ್ಥದ ಮೇಲಲ್ಲ, ಪಕ್ಕದವರಿಗಾಗುವ ತೊಂದರೆಯ ಮೇಲೆ.

ಹಝ್ರತ್ ಉಮರ್(ರ) ಒಂದು ಜುಮಾ ಖುತ್ಬಾದಲ್ಲಿ ಇದಕ್ಕೆ ದಾರಿಯನ್ನೂ ತೋರಿಸಿದರು: ತಿನ್ನಲೇಬೇಕಿದ್ದರೆ ಬೇಯಿಸಿ ಅದರ ಘಾಟನ್ನು ಕೊಂದು ತಿನ್ನಿ. ನಮ್ಮ ಮನೆಯ ಹೆಂಗಸರಿಗೆ ಇದು ಗೊತ್ತಿರುವ ವಿಷಯವೇ. ಬೆಳ್ಳುಳ್ಳಿಯನ್ನು ಜಜ್ಜುವವರೆಗೆ ಅದಕ್ಕೆ ಅಷ್ಟು ವಾಸನೆಯಿಲ್ಲ. ಜಜ್ಜಿದಾಗ ಅದರೊಳಗಿನ ಕಿಣ್ವ ಗಂಧಕದ ಅಂಶದೊಡನೆ ಬೆರೆತು ಘಾಟು ಹುಟ್ಟುತ್ತದೆ. ಇಡಿಯಾಗಿ ಬೇಯಿಸಿದರೆ ಆ ಕಿಣ್ವವೇ ಕೆಡುತ್ತದೆ. ಹಸಿಯಾಗಿ ತಿಂದರೆ ವಾಸನೆಯ ಒಂದು ಭಾಗ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುತ್ತಿರುತ್ತದೆ. ಆದ್ದರಿಂದ ಮಿಸ್ವಾಕ್ ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ.

ಇನ್ನು ನಮ್ಮ ಮೆಣಸಿನಕಾಯಿ. ಇದು ಮದೀನಾದವರಿಗೆ ಗೊತ್ತೇ ಇರಲಿಲ್ಲ. ಅಮೆರಿಕದ ಈ ಗಿಡವನ್ನು ಪೋರ್ಚುಗೀಸರು ನಮ್ಮ ನಾಡಿಗೆ ತಂದು ಸುಮಾರು 500 ವರ್ಷಗಳಾದವು, ಅಷ್ಟೇ. ಆದರೂ ಇಂದು ಬ್ಯಾಡಗಿಯ ಹೆಸರು ಹೇಳಿದರೆ ದೇಶವೇ ತಲೆಯಾಡಿಸುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಡಬ್ಬಿ, ಕಡ್ಡಿ ಎರಡರಲ್ಲೂ ಬಣ್ಣ ಹೆಚ್ಚು, ಗುಂಟೂರಿನ ಕಾಯಿಗಿಂತ ಖಾರ ಕಡಿಮೆ.

ಮೆಣಸಿನ ಖಾರ ನಿಜವಾಗಿ ರುಚಿಯಲ್ಲ, ನೋವು. ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ ಹೆಚ್ಚಾಗಿರುವ ಕ್ಯಾಪ್ಸೈಸಿನ್ ಎಂಬ ಅಂಶ, ಬಿಸಿ ತಾಗಿದಾಗ ಎಚ್ಚರಿಸುವ ನರಗಳನ್ನೇ ತಟ್ಟುತ್ತದೆ. ಆದ್ದರಿಂದಲೇ ಸುಡದಿದ್ದರೂ ಸುಟ್ಟಂತಾಗುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಈ ನರಗಳು ನಾಲಿಗೆಯಲ್ಲಿ ಮಾತ್ರವಲ್ಲ, ಕಣ್ಣು, ಮೂಗು, ಗಂಟಲು, ಚರ್ಮ ಎಲ್ಲೆಡೆ ಇವೆ. ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗದು. ಬರಿ ನೀರು ಸುರಿದುಕೊಂಡರೆ ಉರಿ ಹೋಗುವುದಿಲ್ಲ, ಸೋಪು ಬೇಕು. ಖಾರ ತಿಂದ ಬಾಯಿಗೆ ನೀರಿಗಿಂತ ಹಾಲು, ಮೊಸರು ಹಿತವಾಗುವುದೂ ಇದೇ ಕಾರಣಕ್ಕೆ.

ಸಹೋದರರೇ, ನಮಗೆ ಒಂದು ಸೀನು ತರಿಸುವ ಈ ಪುಡಿಯನ್ನು ಆ ಸಹೋದರ ಬೆಳಗಿನಿಂದ ಉಸಿರಾಡುತ್ತಾರೆ. ತೊಟ್ಟು ಬಿಡಿಸುವ ನಮ್ಮ ಸಹೋದರಿಯರು ಉರಿಯುವ ಕೈಯಲ್ಲೇ ಮಗುವನ್ನು ಎತ್ತಿಕೊಳ್ಳಲು ಹೆದರುತ್ತಾರೆ. ಅವರು ನಾಲಿಗೆಯ ಚಪಲಕ್ಕೆ ಹಸಿ ಈರುಳ್ಳಿ ತಿಂದು ಬಂದವರಲ್ಲ. ಹಲಾಲ್ ದುಡಿಮೆಗಾಗಿ ಮೈ ಉರಿಸಿಕೊಂಡವರು. ಮುಂದಿನ ಸಫ್‌ನಲ್ಲಿ ಅತ್ತರ್ ಹಚ್ಚಿ ಕೂರುವ ನಮ್ಮಲ್ಲಿ ಎಷ್ಟೋ ಮಂದಿಯ ಅತ್ತರ್‌ನ ಹಣ ಅದೇ ಚೀಲಗಳಿಂದ ಬಂದಿದೆ.

ಈಗ ನಾವು ಅಂದು ಹೇಳದೆ ಬಿಟ್ಟ ಹದೀಸ್ ಕೇಳಿ. ಅಬೂದಾವೂದ್‌ರ ಸಂಗ್ರಹದಲ್ಲಿದೆ. ಮುಗೀರಾ ಬಿನ್ ಶುಅಬಾ(ರ) ಬೆಳ್ಳುಳ್ಳಿ ತಿಂದು ನಮಾಝ್‌ಗೆ ಬಂದರು. ಪ್ರವಾದಿವರ್ಯರು(ಸ) ವಾಸನೆ ಗುರುತಿಸಿ, ತಿಂದವರು ಹತ್ತಿರ ಬರಬಾರದೆಂದರು. ನಮಾಝ್ ಮುಗಿದ ಮೇಲೆ ಮುಗೀರಾ(ರ) ಪ್ರವಾದಿವರ್ಯರ(ಸ) ಕೈಯನ್ನು ಕೇಳಿ ಪಡೆದು, ತಮ್ಮ ಅಂಗಿಯ ತೋಳಿನೊಳಗಿಂದ ಎದೆಯ ಮೇಲಿಟ್ಟರು. ಅಲ್ಲಿ ಬಟ್ಟೆ ಬಿಗಿದು ಕಟ್ಟಿತ್ತು. ಅದನ್ನು ಮುಟ್ಟಿ ತಿಳಿದ ಪ್ರವಾದಿವರ್ಯರು(ಸ), ನಿನಗೆ ಕಾರಣವಿದೆ ಎಂದು ಒಪ್ಪಿಕೊಂಡರು. ನಾವು ವಾಸನೆ ಗುರುತಿಸಿದೆವು. ಎದೆ ಮುಟ್ಟಿ ನೋಡಲಿಲ್ಲ.

ಹಾಗೆಂದು ಶುಚಿತ್ವ ಬೇಡವೆಂದಲ್ಲ. ಮದೀನಾದ ಹೊರವಲಯದಿಂದ ಜನರು ಧೂಳು, ಬೆವರಿನಲ್ಲೇ ಜುಮಾಕ್ಕೆ ಬರುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಈ ದಿನಕ್ಕಾಗಿ ಶುಚಿಯಾಗಿ ಬಂದಿದ್ದರೆ ಚೆನ್ನಾಗಿತ್ತು ಎಂದಷ್ಟೇ ಪ್ರವಾದಿವರ್ಯರು(ಸ) ಮೃದುವಾಗಿ ಹೇಳಿದರು. ಬಿಸಿಲಿಗೆ ಕಳುಹಿಸಲಿಲ್ಲ. ಹಾಗಾದರೆ ಸ್ನಾನಕ್ಕೆ ಸಮಯ ಕೊಡುವವರು ಯಾರು?

ಆದ್ದರಿಂದ ಮೂರು ಮಾತು. ಒಂದು, ಅಂಗಡಿ ಇರುವ ಸಹೋದರರು ಶುಕ್ರವಾರ ಕೆಲಸಗಾರರನ್ನು ಅಝಾನ್‌ಗೆ ಒಂದು ಗಂಟೆ ಮೊದಲೇ ಬಿಡಲಿ, ಅದಕ್ಕಾಗಿ ಕೂಲಿ ಮುರಿಯದಿರಲಿ. ಎರಡು, ವುಝೂ ಮಾಡುವ ಜಾಗದಲ್ಲಿ ಸೋಪು, ಬಕೆಟ್, ಬಟ್ಟೆ ಬದಲಿಸಲು ಒಂದು ಮರೆ ಈ ವಾರವೇ ಆಗಬೇಕು. ಕಮಿಟಿಯವರು ಒಪ್ಪಿದ್ದಾರೆ, ಮೊದಲ ತಿಂಗಳ ಖರ್ಚು ನಮ್ಮದು. ಮೂರು, ಪಕ್ಕದವರಿಂದ ಘಾಟು ಬಂದರೆ ಕರವಸ್ತ್ರ ಹಿಡಿದುಕೊಳ್ಳಿ, ಸಫ್ ಬಿಟ್ಟು ಸರಿಯಬೇಡಿ. ಇನ್ನೊಬ್ಬರನ್ನು ಹಿಂದೆ ಕಳುಹಿಸುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.

ಆ ಸಹೋದರರ ಮನೆಗೆ ಹೋಗಿ ನಾವು ಕ್ಷಮೆ ಕೇಳಿದ್ದೇವೆ. ಅವರು ಚಹಾ ಕೊಟ್ಟರು. ಇಂದು ಒಳಗೆ ಬಂದಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಎಲ್ಲಿ ಕೂತಿದ್ದಾರೆಂದು ತಿರುಗಿ ನೋಡಬೇಡಿ.

ನಮ್ಮ ಮಾತಿನಿಂದ ಯಾರೂ ಅಲ್ಲಾಹನ ಮನೆಯಿಂದ ದೂರವಾಗದಂತೆ ಅವನು ನಮ್ಮನ್ನು ಕಾಪಾಡಲಿ. ದುಡಿಯುವ ಕೈಗಳ ಉರಿಯನ್ನು ತಣಿಸಲಿ. ಆಮೀನ್.