ಶುಕ್ರನ ದೆಸೆ
(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)

ಅಂಗಡಿಯಲ್ಲಿ ನಾಲ್ಕು ಕಾಸು ಕೂಡಿದರೆ ‘ಅವನಿಗೆ ಶುಕ್ರದೆಸೆ’ ಎನ್ನುತ್ತೇವೆ. ಕೆಲವು ತಿಂಗಳು ಸಂಜೆ ಪಡುವಣದಲ್ಲಿ, ಕೆಲವು ತಿಂಗಳು ಮುಂಜಾನೆಯ ಪಾಳಿಗೆ ಹೊರಟಾಗ ಮೂಡಣದಲ್ಲಿ ಹೊಳೆಯುವ ಆ ಬೆಳ್ಳಿಚುಕ್ಕಿಯ ಸ್ವಂತ ದೆಸೆ ಏನೆಂಬುದನ್ನು ಇಂದು ನೋಡೋಣ.

ಸೂರ್ಯನಿಂದ ಬುಧ 5.8 ಕೋಟಿ ಕಿಲೋಮೀಟರ್ ದೂರ, ಶುಕ್ರ 10.8 ಕೋಟಿ. ಒಲೆಗೆ ಹತ್ತಿರವಿದ್ದವನಿಗೆ ಕಾವು ಹೆಚ್ಚಬೇಕಷ್ಟೆ? ಆದರೆ ಬುಧನ ನಡುಹಗಲು ಸುಮಾರು 430 ಡಿಗ್ರಿಯಾದರೆ, ಶುಕ್ರನಲ್ಲಿ ಹಗಲೂ ರಾತ್ರಿಯೂ ಸುಮಾರು 465 ಡಿಗ್ರಿ. ಸೀಸ ಕರಗಿ ಹರಿಯುವಷ್ಟು ಬಿಸಿ! ಇದು ಊಹೆಯ ಮಾತಲ್ಲ. 1970ರಲ್ಲಿ ಸೋವಿಯತ್ ದೇಶದ ವೆನೆರಾ-7 ಆ ನೆಲದ ಮೇಲಿಳಿದು 23 ನಿಮಿಷ ವರದಿ ಕಳಿಸಿ ಮೌನವಾಯಿತು. 1982ರಲ್ಲಿ ವೆನೆರಾ-13 ಅಲ್ಲಿ 127 ನಿಮಿಷ ತಾಳಿಕೊಂಡಿತು.

ಕಾರಣವೇನು? ಶುಕ್ರನ ಗಾಳಿಯಲ್ಲಿ ನೂರಕ್ಕೆ 96 ಪಾಲು ಇಂಗಾಲಾಮ್ಲ ವಾಯು. ಸೋಡಾ ಬಾಟಲಿ ತೆರೆದಾಗ ಬುಸ್ಸೆನ್ನುವುದೂ ಅದೇ. ಅಲ್ಲಿ ಗಾಳಿಯ ಒತ್ತಡ ನಮ್ಮಲ್ಲಿಯದರ ಸುಮಾರು 90 ಪಟ್ಟು. ಮೋಡಗಳು ಮುಕ್ಕಾಲು ಬಿಸಿಲನ್ನು ಹಿಂದಟ್ಟುತ್ತವೆ, ನಿಜ. ಆದರೆ ಒಳಹೊಕ್ಕ ಅಲ್ಪ ಬಿಸಿಲಿನಿಂದ ಕಾದ ನೆಲದ ಶಾಖವನ್ನು ಆ ವಾಯು ಹೊರಬಿಡದು. ಬೆಂಕಿ ಸಣ್ಣದು, ಕಂಬಳಿ ದಪ್ಪ!

ನಮ್ಮ ಭೂಮಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇಂಗಾಲವುಂಟು. ಆದರೆ ಇಲ್ಲಿ ಮಳೆ ಅದನ್ನು ಗಾಳಿಯಿಂದ ತೊಳೆದು ಕಡಲಿಗೊಯ್ದಿತು. ಅಲ್ಲಿ ಅದು ಚಿಪ್ಪಾಗಿ, ಕೋಟ್ಯಂತರ ವರ್ಷಗಳಲ್ಲಿ ಸುಣ್ಣಕಲ್ಲಾಯಿತು. ಸುಣ್ಣದ ಭಟ್ಟಿಯಲ್ಲಿ ಕಲ್ಲು ಬೆಂದಾಗ ಹೊರಡುವುದು ಆ ಹಳೆಯ ವಾಯುವೇ. ಗಾಳಿಯ ಖಾತೆಗೆ ಅಗ್ನಿಪರ್ವತ ಜಮೆ ಮಾಡುತ್ತದೆ, ಮಳೆ ಖರ್ಚು ಬರೆಯುತ್ತದೆ. ಶುಕ್ರನಲ್ಲಿ ನೀರೇ ಆವಿಯಾಗಿ ಕಳೆದುಹೋದ ಮೇಲೆ ಖರ್ಚು ನಿಂತು ಜಮೆಯೊಂದೇ ಉಳಿಯಿತೆಂದು ವಿಜ್ಞಾನಿಗಳ ಎಣಿಕೆ.

ಈಗ ನಮ್ಮ ಖಾತೆ ನೋಡಿರಿ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ವಾಯು ಸುಮಾರು 315 ಪಾಲು ಇತ್ತು. ಈಗ 420 ದಾಟಿದೆ. ಕಲ್ಲಿದ್ದಲು, ಎಣ್ಣೆಗಳ ಹೊಗೆ ಕೂಡಿಸಿದ ಜಮೆ ಅದು. ಮಳೆಯ ನಿಧಾನದ ಖರ್ಚು ಅದಕ್ಕೆ ಸಾಟಿಯಾಗದು.

ನಾಳೆಯೇ ಭೂಮಿ ಶುಕ್ರನಾಗುವುದೆಂದು ನಾನು ಹೇಳುತ್ತಿಲ್ಲ, ಆಗದು. ಆದರೆ ತಗಡಿನ ಸೂರಿನಡಿ ಮಗ್ಗ ನಡೆಸುವವನಿಗೆ, ಬಿಸಿಲಲ್ಲಿ ಕೈಗಾಡಿ ತಳ್ಳುವವನಿಗೆ ಒಂದೆರಡು ಡಿಗ್ರಿಯೂ ಭಾರವೇ. ಹೊಗೆ ಯಾರದೇ ಇರಲಿ, ಸೆಖೆ ಮೊದಲು ತಟ್ಟುವುದು ಅವರಿಗೆ. ಆದುದರಿಂದ ಬಂಧುಗಳೇ, ಗ್ರಹಗಳ ವಿಚಾರ ಪಂಚಾಂಗದವರಿಗೆ ಮಾತ್ರ ಸೇರಿದುದಲ್ಲ. ಲೆಕ್ಕ ಬಲ್ಲ ಪ್ರತಿಯೊಬ್ಬರೂ ಅದನ್ನು ಕೇಳಿ ತಿಳಿಯಬೇಕು.