ಗುಣವಾಯಿತು ಸರಿ, ಹೇಗೆ?



ಇಂದಿನ ಮಾತನ್ನು ಒಂದು ಟೆಲಿವಿಷನ್ ಕಥೆಯಿಂದ ಆರಂಭಿಸುತ್ತೇನೆ. 1966ರಲ್ಲಿ ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿ ಶುರುವಾಯಿತು. ನಕ್ಷತ್ರಗಳ ನಡುವೆ ಸಂಚರಿಸುವ ‘ಎಂಟರ್‌ಪ್ರೈಸ್’ ಎಂಬ ನೌಕೆ, ಅದರ ಕ್ಯಾಪ್ಟನ್ ಕರ್ಕ್, ನೌಕೆಯ ವೈದ್ಯ ಡಾಕ್ಟರ್ ಮೆಕಾಯ್. 1967ರ ಮಾರ್ಚ್‌ನಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಇವರು ದೂರದ ಗ್ರಹವೊಂದಕ್ಕೆ ಇಳಿಯುತ್ತಾರೆ. ಮೂರು ವರ್ಷದ ಹಿಂದೆ ಅಲ್ಲಿ ನೆಲೆಸಿದ್ದ ಜನ ಮಾರಕ ಕಿರಣಗಳಿಗೆ ಸಿಕ್ಕಿ ಎಂದೋ ಸತ್ತಿರಬೇಕಿತ್ತು. ನೋಡಿದರೆ ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ!

ಮೆಕಾಯ್ ಆ ಜನರ ಮುಖಂಡನನ್ನು ಪರೀಕ್ಷಿಸುತ್ತಾನೆ. ಹಳೆಯ ದಾಖಲೆಯ ಪ್ರಕಾರ ಆತನಿಗೆ ಬಾಲ್ಯದಲ್ಲಿ ನ್ಯುಮೋನಿಯಾ ಆಗಿ ಶ್ವಾಸಕೋಶದಲ್ಲಿ ಕಲೆ ಉಳಿದಿತ್ತು. ಆಪರೇಷನ್ ಮಾಡಿ ಅಪೆಂಡಿಕ್ಸನ್ನು ತೆಗೆಯಲಾಗಿತ್ತು. ಈಗ ಕಲೆಯೂ ಇಲ್ಲ, ತೆಗೆದ ಅಪೆಂಡಿಕ್ಸ್ ಮರಳಿ ತನ್ನ ಜಾಗದಲ್ಲೇ ಇದೆ. ಈ ಸುದ್ದಿ ಕೇಳಿದ ಕ್ಯಾಪ್ಟನ್ ಹಿಗ್ಗುವುದಿಲ್ಲ, ನಗುವುದೂ ಇಲ್ಲ. ನಿನ್ನ ಉಪಕರಣ ಕೆಟ್ಟಿರಬಹುದೇ ಎಂದು ಕೇಳುತ್ತಾನೆ. ವೈದ್ಯನಿಗೂ ಆ ಅನುಮಾನ ಬಂದೇ ಇತ್ತು. ಅವನು ಮೊದಲೇ ಆ ಉಪಕರಣವನ್ನು ತನ್ನ ಮೇಲೆ ಪ್ರಯೋಗಿಸಿ ನೋಡಿದ್ದ. ತನಗೆ ಟಾನ್ಸಿಲ್ ಇಲ್ಲದಿರುವುದನ್ನೂ, ಹಿಂದೊಮ್ಮೆ ಎರಡು ಪಕ್ಕೆಲುಬು ಮುರಿದಿದ್ದನ್ನೂ ಅದು ಸರಿಯಾಗಿ ತೋರಿಸಿತ್ತು.

ಕೊನೆಗೆ ಕಾರಣ ಸಿಗುತ್ತದೆ. ಆ ಗ್ರಹದ ಒಂದು ಗಿಡದ ಬೀಜಕಣಗಳು ದೇಹ ಸೇರಿ ಆರೋಗ್ಯ ಕೊಡುತ್ತಿದ್ದವು. ಜೊತೆಗೆ ದುಡಿಯುವ, ಮುಂದೆ ಬರುವ ಛಲವನ್ನೇ ಕಿತ್ತುಕೊಳ್ಳುತ್ತಿದ್ದವು. ಕಥೆ ಕಲ್ಪನೆಯದು. ಆದರೆ ಆ ಇಬ್ಬರು ಕೇಳಿದ ಪ್ರಶ್ನೆಗಳು ಕಲ್ಪನೆಯವಲ್ಲ. ಹಿಂದಿನ ದಾಖಲೆ ಏನು ಹೇಳುತ್ತದೆ? ಉಪಕರಣ ಸರಿಯಿದೆಯೇ? ಬೇರೆ ಕಾರಣ ಇರಬಹುದೇ?

ಈಗ ನಮ್ಮ ನೆಲಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ಹಾವು ಕಡಿತದ ಬಗ್ಗೆ ಒಂದು ಕಾರ್ಯಕ್ರಮ ಮಾಡಲು ನಮ್ಮ ತಂಡ ಪಾಪಿನಾಯಕನಹಳ್ಳಿಗೆ ಹೋಗಿತ್ತು. ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೋಗುವ ಹಾದಿಯಲ್ಲಿರುವ ಊರು ಅದು. ಒಂದು ಕಡೆ ಸಂಡೂರಿನ ಬೆಟ್ಟಸಾಲು, ಅದಿರಿನ ಕೆಂಪು ಧೂಳು. ಇನ್ನೊಂದು ಕಡೆ ಮೆಕ್ಕೆಜೋಳದ ಹೊಲಗಳು. ಪಂಪ್‌ಸೆಟ್‌ಗೆ ರಾತ್ರಿ ಕರೆಂಟ್ ಬಂದರೆ ರೈತ ರಾತ್ರಿಯೇ ನೀರು ಕಟ್ಟಲು ಹೊರಡಬೇಕು. ಇಲಿಯನ್ನು ಹುಡುಕಿಕೊಂಡು ಹಾವು ಹೊರಬರುವ ವೇಳೆಯೂ ಅದೇ.

ಅಲ್ಲಿ ಅರವತ್ತರ ಆಸುಪಾಸಿನ ಒಬ್ಬ ರೈತರು ಸಿಕ್ಕರು. ಹಾವು ಕಚ್ಚಿದಾಗ ಮಂತ್ರ ಹಾಕಿಸಿಕೊಂಡು, ಬೇರು ಅರೆದು ಕುಡಿದು ಬದುಕಿದವರು. ಕ್ಯಾಮೆರಾ ಮುಂದೆ ಬಹಳ ಚೆನ್ನಾಗಿ ಮಾತಾಡಿದರು. ಕಾರ್ಯಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಸಿಗದು ಎಂದುಕೊಂಡೆ. ನಮ್ಮೊಂದಿಗೆ ಬಂದಿದ್ದ ವೈದ್ಯರು ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳತೊಡಗಿದರು.

“ಯಾವ ಹಾವು ಅಂತ ನೋಡಿದ್ರೇನು?”

“ಕತ್ತಲಾಗ ಎಲ್ಲಿ ಕಾಣ್ತೈತ್ರೀ ಡಾಕ್ಟ್ರೇ? ಸರಕ್ ಅಂತ ಹೋತು.”

“ಕಾಲು ಬಾತಿತ್ತೇ?”

“ಇಲ್ರೀ.”

“ಕಣ್ಣಿನ ರೆಪ್ಪೆ ಜೋಲುಬಿದ್ದಿತ್ತೇ? ಮಾತು ತೊದಲಿತ್ತೇ? ವಸಡಿನಲ್ಲಿ ರಕ್ತ ಬಂದಿತ್ತೇ?”

“ಏನೂ ಆಗ್ಲಿಲ್ರೀ. ಅದಕ್ಕ ಹೇಳ್ತೀನಲ್ರೀ, ಮಂತ್ರ ಅಷ್ಟು ಗಟ್ಟಿ ಇತ್ತು.”

ವೈದ್ಯರು ವಾದ ಮಾಡಲಿಲ್ಲ, ಕೈಮುಗಿದು ಎದ್ದರು. ಜೀಪಿನಲ್ಲಿ ಕುಳಿತ ಮೇಲೆ ನನಗೆ ವಿವರಿಸಿದರು. ಇಲ್ಲಿ ಮೂರು ಸಾಧ್ಯತೆಗಳಿವೆ. ನಮ್ಮ ದೇಶದ ಹಾವುಗಳಲ್ಲಿ ಹೆಚ್ಚಿನ ಜಾತಿಗಳು ಮನುಷ್ಯನಿಗೆ ಅಪಾಯ ಮಾಡುವಂಥವಲ್ಲ. ಕಚ್ಚಿದ್ದು ಕೇರೆಹಾವೋ ನೀರುಹಾವೋ ಇರಬಹುದು. ಎರಡನೆಯದಾಗಿ, ವಿಷದ ಹಾವೇ ಕಚ್ಚಿದರೂ ಪ್ರತಿ ಸಲ ವಿಷ ಬಿಡುವುದಿಲ್ಲ. ಇದನ್ನು ವೈದ್ಯರು ‘ಡ್ರೈ ಬೈಟ್’ ಎನ್ನುತ್ತಾರೆ. ಮೂರನೆಯದಾಗಿ, ವಿಷ ಇಳಿದರೂ ಪ್ರಮಾಣ ಅಲ್ಪವಾಗಿದ್ದರೆ ದೇಹವೇ ಚೇತರಿಸಿಕೊಳ್ಳಬಹುದು. ಈ ಮೂರರಲ್ಲಿ ಯಾವುದಾದರೂ ಮಂತ್ರ ಹಾಕಿದವನಿಗೇ ಕೀರ್ತಿ!

“ಹಾಗಾದರೆ ಇವರದು ಯಾವುದು?” ಎಂದು ಕೇಳಿದೆ.

“ಈಗ ಹೇಳಲಾಗದು. ಆ ರಾತ್ರಿ ಯಾರೂ ಏನನ್ನೂ ಪರೀಕ್ಷಿಸಿಲ್ಲ, ಬರೆದಿಟ್ಟಿಲ್ಲ” ಎಂದರು.

ಆ ರಾತ್ರಿ ಆಸ್ಪತ್ರೆಗೆ ಹೋಗಿದ್ದರೆ ಏನು ಪರೀಕ್ಷೆ ಮಾಡುತ್ತಿದ್ದರು? ನಿಮಗೆ ಆಶ್ಚರ್ಯವಾಗಬಹುದು, ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಸ್ವಚ್ಛವಾದ, ಒಣಗಿದ ಹೊಸ ಗಾಜಿನ ನಳಿಕೆಯಲ್ಲಿ ರೋಗಿಯ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ, ಕೊಳಕುಮಂಡಲ ಅಥವಾ ಗರಗಸಮಂಡಲದಂಥ ಹಾವಿನ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸಿದೆ ಎಂದು ತಿಳಿಯುತ್ತಾರೆ. ನಳಿಕೆಯನ್ನು ಸೋಪಿನ ಪುಡಿಯಿಂದ ತೊಳೆದಿದ್ದರೆ ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟದೇ ಇರಬಹುದು. ಅನುಮಾನ ಬಂದರೆ ರೋಗಿಯ ಜೊತೆ ಬಂದ ಆರೋಗ್ಯವಂತರೊಬ್ಬರ ರಕ್ತವನ್ನೂ ಇನ್ನೊಂದು ನಳಿಕೆಯಲ್ಲಿಟ್ಟು ಹೋಲಿಸುತ್ತಾರೆ. ಮೆಕಾಯ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡದ್ದು ನೆನಪಾಯಿತೇ? ನಕ್ಷತ್ರನೌಕೆಯ ಆ ಎಚ್ಚರ ನಮ್ಮ ತಾಲ್ಲೂಕು ಆಸ್ಪತ್ರೆಯ ಗಾಜಿನ ನಳಿಕೆಯಲ್ಲೂ ಇದೆ.

ನಾಗರಹಾವು, ಕಟ್ಟುಹಾವುಗಳ ವಿಷ ಈ ಪರೀಕ್ಷೆಗೆ ಸಿಗುವುದಿಲ್ಲ. ಅದು ನರಗಳ ಮೇಲೆ ಕೆಲಸ ಮಾಡಿ, ರೆಪ್ಪೆ ಜೋಲುವಂತೆ ಮಾಡಿ, ಕೊನೆಗೆ ಉಸಿರಾಟವನ್ನೇ ನಿಲ್ಲಿಸುತ್ತದೆ. ಕಟ್ಟುಹಾವು ಕಚ್ಚಿದ ಜಾಗದಲ್ಲಿ ನೋವು, ಬಾವು ಅಷ್ಟಾಗಿ ಇರುವುದಿಲ್ಲ. ಗಂಟೆಗಳ ನಂತರ ತೊಂದರೆ ಕಾಣಬಹುದು. ಆದ್ದರಿಂದಲೇ ‘ಏನೂ ಆಗಿಲ್ಲ’ ಎನ್ನುವವರನ್ನೂ ಆಸ್ಪತ್ರೆಯಲ್ಲಿ ಇಡೀ ದಿನ ಇರಿಸಿಕೊಂಡು ಗಮನಿಸುತ್ತಾರೆ.

ಅಂದು ಜೀಪು ಹೊರಡುವಾಗ ನಡೆದದ್ದನ್ನು ನಿಮಗೆ ಹೇಳಲೇಬೇಕು. ಬಾಗಿಲ ಬಳಿ ನಿಂತಿದ್ದ ಆ ರೈತರ ಮನೆಯಾಕೆ ತಗ್ಗಿದ ದನಿಯಲ್ಲಿ, “ನಮ್ಮ ಯಜಮಾನ್ರು ಉಳಿದ್ರು ಅಂತ ಮಗ್ಗಲ ಹೊಲದವ್ರು ತಮ್ಮ ಮಗಳನ್ನೂ ಅಲ್ಲಿಗೇ ಕರಕೊಂಡು ಹೋದ್ರು. ಆ ಹುಡುಗಿ ಉಳೀಲಿಲ್ಲ” ಎಂದರು. ನಾವು ಕ್ಯಾಮೆರಾ ಮಡಚಿಟ್ಟಾಗಿತ್ತು.

ಮಿತ್ರರೇ, ಬದುಕಿದವರು ತಮ್ಮ ಕಥೆ ಹೇಳುತ್ತಾರೆ. ಸತ್ತವರಿಗೆ ಹೇಳಲು ಬಾಯಿಲ್ಲ. ನಾನು ಬಹಳ ಮೆಚ್ಚಿದ ಆ ಆರಂಭವನ್ನು ಹಾಗೆಯೇ ಪ್ರಸಾರ ಮಾಡಿದ್ದರೆ, ಇನ್ನೆಷ್ಟು ಜನ ಅದೇ ಹಾದಿ ಹಿಡಿಯುತ್ತಿದ್ದರೋ! ಕೊನೆಗೆ ವೈದ್ಯರ ಪ್ರಶ್ನೆಗಳ ಸಮೇತ ಆ ಭಾಗವನ್ನು ತೋರಿಸಿ, ಹೆಸರು ಹೇಳದೆ ಆ ಹುಡುಗಿಯ ಸಂಗತಿಯನ್ನೂ ಸೇರಿಸಿದೆವು.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ, ಎಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಇವರಲ್ಲಿ ಹೆಚ್ಚಿನವರು ಹಳ್ಳಿಯವರು. ಫೆಬ್ರವರಿ 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಖಾಸಗಿ ಆಸ್ಪತ್ರೆಯಾದರೂ ಲೆಕ್ಕ ಕೊಡಬೇಕು. ಇದು ಬರಿಯ ಕಾಗದದ ಕೆಲಸ ಎನ್ನಬೇಡಿ. ಹಳೆಯ ದಾಖಲೆ ಇಲ್ಲದಿದ್ದರೆ ಮೆಕಾಯ್‌ಗೆ ಅನುಮಾನವೇ ಬರುತ್ತಿರಲಿಲ್ಲ.

ನಮ್ಮ ನಾಡಿಗೆ ಈ ಬಗೆಯ ಪ್ರಶ್ನೆ ಹೊಸದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ, ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯನ್ನೇ ರಚಿಸಿದರು. ‘ಪರೀಕ್ಷಿಸಬಹುದಾದ’ ಎಂಬ ಮಾತನ್ನು ಗಮನಿಸಿ. ಯಾರ ಭಕ್ತಿಯನ್ನೂ ಅಳೆಯಲು ನಳಿಕೆ ಇಲ್ಲ. ಆದರೆ ‘ಇದರಿಂದ ರೋಗ ವಾಸಿಯಾಗುತ್ತದೆ’ ಎಂದರೆ, ಅದು ಪರೀಕ್ಷೆಗೆ ಒಳಪಡಬೇಕಾದ ಮಾತು.

ನೀವು ಮಾಡಬಹುದಾದದ್ದೇನು? ಯಾರಿಗಾದರೂ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಧೈರ್ಯ ಹೇಳಿ, ನಡೆಸದೆ, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಒಯ್ಯಿರಿ. ಕಚ್ಚಿದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮಂತ್ರಕ್ಕೆ ಕರೆದೊಯ್ಯೋಣ ಎನ್ನುವ ಅಜ್ಜನ ಜೊತೆ ಜಗಳ ಬೇಡ. “ತಾತಾ, ಮೊದಲು ಆಸ್ಪತ್ರೆ, ಆಮೇಲೆ ಗುಡಿ” ಎನ್ನಿ.

ಇನ್ನು ‘ಅವರಿಗೆ ಇದರಿಂದಲೇ ಗುಣವಾಯಿತು’ ಎಂದು ಯಾರಾದರೂ ಹೇಳಿದಾಗ, ಮೊದಲು ಸಂತೋಷಪಡಿ. ಒಂದು ಜೀವ ಉಳಿದಿದೆಯಲ್ಲ! ಆಮೇಲೆ ಆ ವೈದ್ಯರ ಹಾಗೆ ಮೆಲ್ಲಗೆ ಪಕ್ಕದಲ್ಲಿ ಕುಳಿತು ಕೇಳಿ: ಏನು ಕಚ್ಚಿತ್ತು? ಯಾರು ನೋಡಿದರು? ಹಾಗೆಯೇ ಮಾಡಿಸಿಕೊಂಡ ಉಳಿದವರು ಏನಾದರು?